ಯಾವ ‘ನಿಲ್ಲಿಸು’, ಸ್ವಾಮಿ?

“ಮನಸ್ಸು ನಿಲ್ಲಿಸಿ ಓದು” ಎನ್ನುತ್ತಾರೆ ಮನೆಯ ಹಿರಿಯರು. ಊಟದ ಹೊತ್ತಿಗೆ ಅವರೇ “ಓದು ನಿಲ್ಲಿಸು, ಏಳು” ಅಂತಾರೆ. ಕ್ರಿಯಾಪದ ಒಂದೇ. ಮೊದಲನೆಯದು ಅಲುಗದ ಹಾಗೆ ಗಟ್ಟಿಮಾಡುವುದು, ಎರಡನೆಯದು ಮುಗಿಸಿಬಿಡುವುದು. ‘ನಿಲ್ಲು’ ಧಾತುವಿಗೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ ಸೇರಿ ಆದ ಪದವಿದು. ಕಂಬ ನಿಲ್ಲಿಸಿದರೆ ಮನೆ ಏಳುತ್ತದೆ. ಕೆಲಸ ನಿಲ್ಲಿಸಿದರೆ ಅದೇ ಮನೆ ಅರ್ಧಕ್ಕೆ ಉಳಿಯುತ್ತದೆ!

ಈ ಗೊಂದಲವೇ ಬೇಡವೆಂದೋ ಏನೋ, ನಮ್ಮ ಪತ್ರಿಕೆಗಳು ‘ಸ್ಥಿರೀಕರಣ’ದ ಮೊರೆಹೊಕ್ಕಿವೆ. ಬೆಲೆಗೂ ಅದೇ, ರೂಪಾಯಿಗೂ ಅದೇ. ಆದರೆ ‘ಸ್ಥಿರ’ದ ಮೂಲವಾದ ಸಂಸ್ಕೃತದ ‘ಸ್ಥಾ’ ಧಾತುವಿಗೂ ನಿಲ್ಲು ಎಂದೇ ಅರ್ಥ. ಊರೆಲ್ಲ ಸುತ್ತಿ ಬಂದು ನಮ್ಮ ಜಗಲಿಯಲ್ಲೇ ಕೂತಂತಾಯಿತು. ಮರಾಠಿಯವರು ತಡೆಯುವುದಕ್ಕೆ ‘ಥಾಂಬವಣೆ’, ಎತ್ತಿ ನಿಲ್ಲಿಸುವುದಕ್ಕೆ ‘ಉಭಾ ಕರಣೆ’ ಎಂದು ಬೇರೆಬೇರೆ ಇಟ್ಟುಕೊಂಡಿದ್ದಾರೆ. ಕನ್ನಡದ ಜಾಣತನ ಬೇರೆ. ಪದದ ಹಿಂದೆ ಮುಂದೆ ಇನ್ನೊಂದು ಚಿಕ್ಕ ಪದ ಸೇರಿಸಿದರಾಯಿತು: ‘ಎತ್ತಿ ನಿಲ್ಲಿಸಿದರು’, ‘ನಿಲ್ಲಿಸಿಬಿಟ್ಟರು’, ‘ನೆಲೆನಿಂತಿತು’, ‘ನಿಂತುಹೋಯಿತು’. ಕೇಳಿದವರಿಗೆ ಅನುಮಾನವೇ ಇಲ್ಲ. ಇಂಥ ಪದ ಕೈಯಲ್ಲಿರುವಾಗ ‘ಸ್ಥಿರೀಕರಣ’ದ ಭಾರ ಯಾಕೆ ಹೊರಬೇಕು?

ಇದು ಬರೀ ವ್ಯಾಕರಣದ ಮಾತಲ್ಲ. ಮುಂಬಯಿಯಲ್ಲಿ ಹೋಟೆಲ್ ಕೆಲಸದ ಹುಡುಗರಿಗಾಗಿ ನಮ್ಮವರು ಕನ್ನಡ ರಾತ್ರಿಶಾಲೆಗಳನ್ನು ಎತ್ತಿ ನಿಲ್ಲಿಸಿದರು. ಹಗಲು ತಟ್ಟೆ ತೊಳೆದ ಕೈಗಳು ರಾತ್ರಿ ಅಕ್ಷರ ತಿದ್ದಿದವು. ಮುಂದೆ ಆ ಶಾಲೆಗಳಲ್ಲಿ ಎಷ್ಟೋ ನಿಂತುಹೋದವು. ಒಂದು ಸಂಸ್ಥೆ ನಿಂತುಹೋಗುವುದಕ್ಕೆ ಯಾರೂ ಸಭೆ ಸೇರಿ ಠರಾವು ಮಾಡಬೇಕಾಗಿಲ್ಲ. ಬರುವವರೂ ನಡೆಸುವವರೂ ಕಡಿಮೆಯಾದರೆ ಸಾಕು.

ಬುಗುರಿಯನ್ನು ನೋಡಿ. ತಿರುಗುವಷ್ಟು ಹೊತ್ತು ನಿಂತಿರುತ್ತದೆ; ತಿರುಗುವುದು ನಿಂತಿತೋ, ಬಿತ್ತು. ಎರಡು ಅರ್ಥಗಳ ನಡುವಿನ ಗುಟ್ಟು ಇಲ್ಲೇ ಇದೆ. ನಿಲ್ಲಿಸುವುದೆಂದರೆ ಅಲುಗದಂತೆ ಕಟ್ಟಿಹಾಕುವುದಲ್ಲ, ಬೀಳದಂತೆ ನಡೆಸುತ್ತಿರುವುದು.

ಆದ್ದರಿಂದ ಮಿತ್ರರೇ, “ಪರವೂರಿನಲ್ಲಿ ಕನ್ನಡವನ್ನು ನಿಲ್ಲಿಸಬೇಕು” ಎಂದು ವೇದಿಕೆಯ ಮೇಲೆ ಯಾರಾದರೂ ಗುಡುಗಿದರೆ, “ಯಾವ ನಿಲ್ಲಿಸು, ಸ್ವಾಮಿ?” ಎಂದು ವಿನಯದಿಂದಲೇ ಕೇಳಿ. ನವೆಂಬರಿನಲ್ಲೊಂದು ದಿನ ಹಾರ ಹಾಕಿ ನಿಲ್ಲಿಸಿದರೆ ಅದು ವಿಗ್ರಹವಾದೀತು, ಭಾಷೆಯಾಗದು. ಹಾಸ್ಟೆಲಿನಲ್ಲಿ, ಲೋಕಲ್ ಗಾಡಿಯಲ್ಲಿ, ಮನೆಯಲ್ಲಿ ತಮ್ಮತಂಗಿಯರ ಜತೆ ನಾವು ದಿನವೂ ಆಡಿದರೆ, ಜಗಳವಾಡಿದರೆ, ಪತ್ರ ಬರೆದರೆ ಅದು ತಾನಾಗಿ ನಿಂತೀತು. ಏನಂತೀರಿ?