ಕುದುರೆಯ ರಿಪೋರ್ಟಿಗೆ ಮನುಷ್ಯರ ಲೆಕ್ಕ ಹಚ್ಚಬೇಡಿ

ಎಸ್‌ಜಿಒಟಿ, ಎಸ್‌ಜಿಪಿಟಿ. ಈ ಎರಡು ಹೆಸರು ಈಗ ಹಳ್ಳಿಯಲ್ಲೂ ಬಹಳ ಜನರಿಗೆ ಗೊತ್ತು. ಕಣ್ಣು ಹಳದಿಯಾದರೆ ಪೇಟೆಯ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತೇವೆ. ಇವುಗಳ ಮುಂದಿನ ಅಂಕಿ ಜಾಸ್ತಿ ಇದ್ದರೆ ‘ಲಿವರ್ ಕೆಟ್ಟಿದೆ, ಕಾಮಾಲೆ’ ಎನ್ನುತ್ತೇವೆ. ಮನುಷ್ಯರ ಮಟ್ಟಿಗೆ ಈ ಲೆಕ್ಕ ಬಹುಪಾಲು ನಡೆಯುತ್ತದೆ. ಕುದುರೆಗೆ ಇದೇ ಲೆಕ್ಕ ಹಚ್ಚಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಒಂದು ಸಂದರ್ಭ ಊಹಿಸಿಕೊಳ್ಳಿ. ಕುರಿಗಾರರ ಸಾಮಾನು ಹೊರುವ ಕುದುರೆಯೋ, ಮದುವೆ ಮೆರವಣಿಗೆಯ ಕುದುರೆಯೋ ಇರಲಿ. ಎರಡು ದಿನ ಕೆಲಸವಿಲ್ಲ. ಕಟ್ಟಿದಲ್ಲೇ ಎಂದಿನಷ್ಟೇ ಹುರುಳಿ ತಿಂದಿದೆ. ಮೂರನೇ ದಿನ ಕೆಲಸಕ್ಕೆ ಹೊರಡಿಸಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವರು. ಹಿಂಗಾಲು ಮರದಂತೆ ಬಿಗಿಯುತ್ತವೆ, ಹೆಜ್ಜೆ ಏಳುವುದಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನೋವಿಗೆ ಮೇವು ಬಿಡುತ್ತದೆ. ಒಂದೆರಡು ದಿನದಲ್ಲಿ ಕಣ್ಣೂ ಹಳದಿ. ರಕ್ತ ತೆಗೆದು ಪೇಟೆಯ ಲ್ಯಾಬಿಗೆ ಕೊಟ್ಟರೆ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿವೆ. ಇನ್ನೇನು ಬೇಕು? ಕಾಮಾಲೆ ಎಂದು ಎಲ್ಲರೂ ತೀರ್ಮಾನಿಸಿ, ಸೊಪ್ಪು ಅರೆದು ಕುಡಿಸುತ್ತಾರೆ.

ಆದರೆ ಈ ಕುದುರೆಯ ಲಿವರ್ ನೆಟ್ಟಗೇ ಇದೆ. ಒಡೆದಿರುವುದು ಮಾಂಸಖಂಡ.

ಮೇವು ಬಿಟ್ಟ ಕುದುರೆಯ ಕಣ್ಣು ಲಿವರಿನ ಕಾಯಿಲೆ ಇಲ್ಲದೆಯೂ ಹಳದಿಯಾಗುತ್ತದೆ. ಮೂತ್ರದ ಬಣ್ಣ ಬಂದದ್ದು ಒಡೆದ ಮಾಂಸಖಂಡದಿಂದ ಸೋರಿದ ಕೆಂಪು ಪದಾರ್ಥದಿಂದ. ರಕ್ತದ ಅಂಕಿಗಳು ಏರಿದ್ದಕ್ಕೂ ಅದೇ ಮಾಂಸಖಂಡ ಕಾರಣ. ಭಾನುವಾರ ಬಿಡುವು ಸಿಕ್ಕ ಗಾಡಿ ಕುದುರೆಗಳು ಸೋಮವಾರ ಹೀಗೆ ಬೀಳುತ್ತಿದ್ದುದರಿಂದ ಯುರೋಪಿನಲ್ಲಿ ಇದನ್ನು ‘ಸೋಮವಾರದ ಕಾಯಿಲೆ’ ಎಂದೇ ಕರೆಯುತ್ತಿದ್ದರು.

ಅಂಕಿ ಯಾಕೆ ದಾರಿ ತಪ್ಪಿಸಿತು? ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಕಿಣ್ವಗಳು. ಕಿಣ್ವಗಳ ಜಾಗ ಜೀವಕೋಶದ ಒಳಗೆ. ಕೋಶ ಒಡೆದಾಗ ಸೋರಿ ರಕ್ತಕ್ಕೆ ಬರುತ್ತವೆ. ಹೊಳೆಗೆ ನೆರೆ ಬಂದಾಗ ಸಾಮಾನು ತೇಲಿ ಬರುವುದನ್ನು ನೋಡಿದ್ದೀರಲ್ಲ? ಬಿಂದಿಗೆ ಬಂದರೆ ಯಾರ ಮನೆಯದೋ ಹೇಳಲಾಗದು. ಕುಲುಮೆಯ ತಿದಿ ಬಂದರೆ ಕಮ್ಮಾರರ ಮನೆಗೆ ನೀರು ನುಗ್ಗಿದೆ ಎಂದು ಗೊತ್ತಾಗುತ್ತದೆ. ಎಸ್‌ಜಿಒಟಿ ಆ ಬಿಂದಿಗೆಯಂತೆ. ಲಿವರಿನಲ್ಲೂ ಇದೆ, ಮಾಂಸಖಂಡದಲ್ಲೂ ಇದೆ, ಹೃದಯದಲ್ಲೂ ಇದೆ. ಇಂದು ನಾವು ಲಿವರ್ ಟೆಸ್ಟ್ ಎನ್ನುವ ಇದೇ ಎಸ್‌ಜಿಒಟಿ ಹೃದಯಾಘಾತವಾದವರ ರಕ್ತದಲ್ಲಿ ಏರುತ್ತದೆ ಎಂದು ಅಮೆರಿಕದ ವೈದ್ಯರು 1954ರಲ್ಲೇ ತೋರಿಸಿದ್ದರು.

ಎಸ್‌ಜಿಪಿಟಿಯದು ಇನ್ನೊಂದು ಕತೆ. ಮನುಷ್ಯರ ಮತ್ತು ನಾಯಿಯ ಲಿವರಿನಲ್ಲಿ ಅದು ಧಾರಾಳ. ಕುದುರೆಯ ಲಿವರಿನಲ್ಲಿ ಬಹಳ ಕಡಿಮೆ. ಹಸು, ಕುರಿಗಳಲ್ಲೂ ಹಾಗೇ. ಒಂದೊಂದು ಜಾತಿಯ ಪ್ರಾಣಿಯ ಲಿವರ್, ಹೃದಯ, ಮೂತ್ರಪಿಂಡ, ಮಾಂಸಖಂಡಗಳನ್ನು ಬೇರೆಬೇರೆಯಾಗಿ ಅರೆದು, ಯಾವುದರಲ್ಲಿ ಯಾವ ಕಿಣ್ವ ಎಷ್ಟಿದೆ ಎಂದು ಅಳೆದ ಮೇಲೆ ತಿಳಿದ ಸಂಗತಿ ಇದು. ಕುದುರೆಯ ಲಿವರ್ ಪೂರಾ ಹಾಳಾಗಿದ್ದರೂ ಎಸ್‌ಜಿಪಿಟಿ ಅದನ್ನು ಹೇಳದೇ ಇರಬಹುದು. ಮಾಂಸಖಂಡ ಒಡೆದರೆ ಲಿವರ್ ಸರಿಯಿದ್ದರೂ ಏರಬಹುದು. ಎರಡೂ ಕಡೆ ಮೋಸ.

ಕುದುರೆಯಲ್ಲಿ ತಿದಿಯಂತೆ ಗುರುತು ಹೇಳುವ ಕಿಣ್ವಗಳೂ ಇವೆ. ಸಿಪಿಕೆ ಜೋರಾಗಿ ಏರಿದ್ದರೆ ಅದು ಮಾಂಸಖಂಡದ ಮಾತು. ಗಾಯವಾದ ಕೆಲವೇ ಗಂಟೆಯಲ್ಲಿ ಏರಿ, ಒಡೆಯುವುದು ನಿಂತರೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಎಸ್‌ಜಿಒಟಿ ನಿಧಾನ, ವಾರಗಟ್ಟಲೆ ಉಳಿಯುತ್ತದೆ. ಎರಡನ್ನೂ ಜೊತೆಗೆ ನೋಡಿದರೆ ಗಾಯ ಹೊಸದೋ ಹಳೆಯದೋ ಅಂದಾಜಾಗುತ್ತದೆ. ಜಿಜಿಟಿ ಮುಖ್ಯವಾಗಿ ಪಿತ್ತನಾಳದ ಕಡೆಯದು. ಎಸ್‌ಡಿಎಚ್ ಲಿವರಿನ ಕೋಶದ್ದು, ಆದರೆ ರಕ್ತ ತೆಗೆದ ಮೇಲೆ ಬೇಗ ಕೆಡುತ್ತದೆ.

ನಾನು ಹೇಳುವುದು ಇಷ್ಟೇ. ಕುದುರೆಯ ರಕ್ತ ತಂದಾಗ ಮನುಷ್ಯರ ‘ಲಿವರ್ ಟೆಸ್ಟ್’ ಮಾಡಿ, ಮನುಷ್ಯರ ನಾರ್ಮಲ್ ಅಂಕಿಯ ಪಕ್ಕ ಅಚ್ಚು ಹಾಕಿ ಕೊಡುವುದನ್ನು ಲ್ಯಾಬುಗಳು ನಿಲ್ಲಿಸಬೇಕು. ಕುದುರೆಯ ಆರೋಗ್ಯಕರ ಅಂಕಿಯೇ ಬೇರೆ. ಎಸ್‌ಜಿಒಟಿ ನೋಡುವುದಾದರೆ ಜೊತೆಗೆ ಸಿಪಿಕೆ, ಜಿಜಿಟಿ ಇರಲೇಬೇಕು. ಪಶುಪಾಲನಾ ಇಲಾಖೆ ತಾಲ್ಲೂಕು ಮಟ್ಟದಲ್ಲೇ ರಕ್ತ ಪಡೆದು, ಕೆಡದಂತೆ ಸರಿಯಾದ ಪ್ರಯೋಗಾಲಯಕ್ಕೆ ಮುಟ್ಟಿಸುವ ವ್ಯವಸ್ಥೆ ಮಾಡಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆದರೆ ಬೇನೆ ಬಿದ್ದ ಕುದುರೆಯನ್ನು ಅಲ್ಲಿಯವರೆಗೆ ಸಾಗಿಸುವುದು ಯಾವ ಬಡವನಿಗೂ ಆಗದ ಮಾತು.

‘ಎರಡು ಟೆಸ್ಟಿಗೇ ದುಡ್ಡಿಲ್ಲ, ನಾಲ್ಕು ಎಲ್ಲಿಂದ?’ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಆದರೆ ತಪ್ಪು ಅರ್ಥ ಕೊಡುವ ಎರಡು ಟೆಸ್ಟಿಗೆ ಕೊಟ್ಟ ದುಡ್ಡೂ ದಂಡವೇ. ಅದರ ಬದಲು ಸಿಪಿಕೆ ಒಂದನ್ನೇ ಮಾಡಿಸಿದ್ದರೂ ಮೇಲಿನ ಕುದುರೆಯ ಕಾಯಿಲೆ ಗೊತ್ತಾಗುತ್ತಿತ್ತು. ‘ಈಗ ಕುದುರೆ ಸಾಕುವವರು ಎಷ್ಟು ಜನ?’ ಎನ್ನುವವರೂ ಇದ್ದಾರೆ. ಕಡಿಮೆ ಜನವೇ. ಆದರೆ ಅವರ ಅನ್ನ ಆ ನಾಲ್ಕು ಕಾಲಿನ ಮೇಲಿದೆ. ಮೇಲಾಗಿ ಇದು ಕುದುರೆಯ ಮಾತಷ್ಟೇ ಅಲ್ಲ. ಕರು ಹಾಕಿ ಮೇಲೇಳದೆ ಮಲಗಿದ ಹಸುವಿನ ಎಸ್‌ಜಿಒಟಿಯೂ ತೊಡೆಯ ಮಾಂಸಖಂಡ ನುಜ್ಜುಗುಜ್ಜಾಗಿಯೇ ಏರುತ್ತದೆ.

ಅಂಗ ಯಾವುದೆಂದು ತಿಳಿಯದಿದ್ದರೆ ಆರೈಕೆಯೂ ತಪ್ಪುತ್ತದೆ. ಬಿಗಿದ ಕಾಲು ಸಡಿಲವಾಗಲಿ ಎಂದು ಆ ಕುದುರೆಯನ್ನು ನಡೆಸಿದರೆ ಮಾಂಸಖಂಡ ಇನ್ನಷ್ಟು ಒಡೆಯುತ್ತದೆ. ಅದರಿಂದ ಸೋರುವ ಪದಾರ್ಥ ಮೂತ್ರಪಿಂಡವನ್ನೂ ಕೆಡಿಸುತ್ತದೆ. ನೀರು ಕುಡಿಯದ ಕುದುರೆಗೆ ಅಂಗಡಿಯಿಂದ ತಂದ ನೋವಿನ ಇಂಜೆಕ್ಷನ್ ಚುಚ್ಚಿದರೆ ಮೂತ್ರಪಿಂಡಕ್ಕೆ ಎರಡನೇ ಪೆಟ್ಟು. ಆದ್ದರಿಂದ ನಿಂತಲ್ಲೇ ನಿಲ್ಲಿಸಿ, ಹುರುಳಿ ನಿಲ್ಲಿಸಿ, ಮುಂದೆ ನೀರಿಡಿ. ಪಶುವೈದ್ಯರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ರಿಪೋರ್ಟ್ ಕೈಗೆ ಬಂದಾಗ ಅಂಕಿ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಡಾಕ್ಟ್ರೇ, ಕುದುರೆಯಲ್ಲಿ ಇದು ಯಾವ ಅಂಗದಿಂದ ಬಂದಿರಬಹುದು?’ ಎಂದೂ ಕೇಳಿ. ಸಂಕೋಚ ಬೇಡ. ಕೇಳುವುದು ನಿಮ್ಮ ಹಕ್ಕು.