ಸದಕ ಬೇಡ, ಸಂಬಳ ಕೊಡಿ

ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವನ್ನು ಶಾಲೆಯ ವಯಸ್ಸಿನವರೆಗೆ ಎಲ್ಲರೂ ವಿಚಾರಿಸುತ್ತಾರೆ. ಹದಿನೆಂಟು ದಾಟಿದ ಮೇಲೆ? ನಾಲ್ಕು ಗೋಡೆ, ಟಿ.ವಿ., ಮೂರು ಹೊತ್ತಿನ ಊಟ. 'ನಮ್ಮ ನಂತರ ಇವನಿಗೆ ಯಾರು ಗತಿ?' ಎಂದು ತಾಯಿ ಕೇಳಿದರೆ ನಮ್ಮ ಬಳಿ ಇರುವುದು ಅನುಕಂಪ ಮಾತ್ರ.

ಹುಬ್ಬಳ್ಳಿಯತ್ತ ಒಮ್ಮೆ ನೋಡಿ. 2017ರಲ್ಲಿ ಅಲ್ಲಿನ ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ಎಂಬ ಯುವತಿ 'ಮಿಟ್ಟಿ ಕೆಫೆ' ತೆರೆದರು. ಚಹಾ ಮಾಡುವವರು, ತಂದುಕೊಡುವವರು ದೈಹಿಕ ಅಥವಾ ಬೌದ್ಧಿಕ ವಿಕಲತೆ ಇರುವವರೇ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೇ ಇಂಥ ಕೆಫೆಯನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಉದ್ಘಾಟಿಸಿದರು.

ಇದು ಪವಾಡವಲ್ಲ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಬೇಕು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಬೇಕು, ಗೋಡೆಗೆ ಚಿತ್ರ ಅಂಟಿಸಬೇಕು. ದಿನವೂ ಅದೇ ಜಾಗ, ಅದೇ ಕ್ರಮ ಇರಬೇಕು. ಮೊದಲ ಕೆಲವು ವಾರ ಒಬ್ಬರು ಜೊತೆಗಿರಬೇಕು. ಕಲಿಯಲು ತಡವಾದೀತು, ಕಲಿತದ್ದನ್ನು ಅಚ್ಚುಕಟ್ಟಾಗಿ ಮಾಡುವವರು ಅವರಲ್ಲಿ ಬಹಳ ಮಂದಿ.

ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವ ಕೆಲಸವಿದೆ. ಕುಮಟಾ, ಹೊನ್ನಾವರದ ಬೇಕರಿಗಳಲ್ಲಿ ಡಬ್ಬಿ ಮಡಚುವುದು, ದಿನಸಿ ಅಂಗಡಿಯಲ್ಲಿ ಪೊಟ್ಟಣ ತುಂಬುವುದು, ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬಿಡಿಸಿಟ್ಟ ಬಟ್ಟೆಯನ್ನು ಮತ್ತೆ ಮಡಚಿಡುವುದು ಇದ್ದೇ ಇದೆ. ಅಂಗಡಿ ಮಾಲೀಕರಾದ ನಿಮಗೆ ಒಂದು ಪ್ರಶ್ನೆ: ಇದರಲ್ಲಿ ಒಂದು ಕೆಲಸ ಕೊಡಲಾಗದೇ? ಗೇಲಿ ಮಾಡುವವರನ್ನು ತಡೆಯುವ ಹೊಣೆಯೂ ನಿಮ್ಮದೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ನೀಡಿದೆ. ಅದರಲ್ಲಿ ಶೇ. 1ನ್ನು ಆಟಿಸಂ, ಬೌದ್ಧಿಕ ವಿಕಲತೆ, ಮಾನಸಿಕ ಕಾಯಿಲೆ ಮುಂತಾದವು ಇರುವವರು ಹಂಚಿಕೊಳ್ಳಬೇಕು. ಅದು ಎಷ್ಟು ಮಂದಿಗೆ ದಕ್ಕೀತು? ನಮ್ಮೂರಿನ ಹೆಚ್ಚಿನ ಕೆಲಸ ಇರುವುದು ಅಂಗಡಿಗಳಲ್ಲೇ.

ತಾಯಂದಿರೇ, ನಿಮಗೂ ಎರಡು ಮಾತು. ಮಗುವಿಗೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ, ಗ್ರಾಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಹದಿನೆಂಟು ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಮನೆಯಲ್ಲೇ ತರಬೇತಿ ಶುರುಮಾಡಿ: ತಟ್ಟೆ ತೊಳೆಯಲಿ, ಪಕ್ಕದ ಅಂಗಡಿಯಿಂದ ಹಾಲು ತರಲಿ. ಹೆಣ್ಣು ಮಗಳೆಂದು ಹಿಂಜರಿಯಬೇಡಿ. ಪ್ರೀತಿಯಿಂದ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅವರ ಕೈ ಕಟ್ಟಿದಂತೆ.

ರಮಝಾನ್ ಬಂದರೆ ಇಂಥ ಮನೆಗಳಿಗೆ ಸದಕ ಮುಟ್ಟಿಸಲು ನಾವು ಹಿಂದೆ ಬೀಳುವುದಿಲ್ಲ. ಆದರೆ ಸದಕ ಪಡೆದವನು ಕೈ ಚಾಚಿದವನಾಗಿಯೇ ಉಳಿಯುತ್ತಾನೆ. ತಿಂಗಳ ಕೊನೆಗೆ ದುಡಿದ ಹಣ ತಂದು ತಾಯಿಯ ಕೈಗಿಡುವವನು ಮನೆಯ ಮಗನಾಗುತ್ತಾನೆ. ಆ ಭಾಗ್ಯವನ್ನು ಅವನಿಗೆ ಕೊಡಿಸುವವರು ನಮ್ಮಲ್ಲಿ ಯಾರು?