ಹೆದ್ದಾರಿ 44ರಲ್ಲಿ ಸ್ವಯಂಚಾಲಿತ ವಾಹನಗಳು ಮತ್ತು ಜನರ ಸುರಕ್ಷತೆ: ಮನವಿ ಪತ್ರ

ಇವರಿಗೆ,
ಜಿಲ್ಲಾಧಿಕಾರಿಗಳು ಮತ್ತು ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಕೃಷ್ಣಗಿರಿ.

ಇವರಿಂದ,
ಹೊಸೂರು, ಶೂಲಗಿರಿ, ಡೆಂಕಣಿಕೋಟೆ, ತಳಿ ಭಾಗದ ಕನ್ನಡ ನಿವಾಸಿಗಳು.

ವಿಷಯ: ಜುಜುವಾಡಿಯಿಂದ ಕೃಷ್ಣಗಿರಿವರೆಗಿನ ಹೆದ್ದಾರಿಯನ್ನು ಹೊಸ ಬಗೆಯ ವಾಹನಗಳಿಗೂ, ಹಳೆಯ ದಾರಿಹೋಕರಿಗೂ ಸುರಕ್ಷಿತಗೊಳಿಸುವ ಬಗ್ಗೆ.

ಮಾನ್ಯರೇ,

ಸಂವಿಧಾನದ 350ನೇ ವಿಧಿಯ ಪ್ರಕಾರ ನಮ್ಮ ಭಾಷೆಯಲ್ಲೇ ಈ ಮನವಿ ಸಲ್ಲಿಸುತ್ತಿದ್ದೇವೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅತಿ ಹೆಚ್ಚು ಅಪಘಾತಗಳು, ಅಂದರೆ 64,105, ನಡೆದದ್ದು ತಮಿಳುನಾಡಿನಲ್ಲಿ. ಅಶೋಕ್ ಲೇಲ್ಯಾಂಡ್ ಲಾರಿ, ಟಿವಿಎಸ್ ಬೈಕು, ಏಥರ್ ಸ್ಕೂಟರ್ ತಯಾರಾಗುವ ಹೊಸೂರು ನಮ್ಮದು. ತಾನಾಗಿ ಬ್ರೇಕ್ ಹಾಕುವ, ಪಥ ತಪ್ಪಿದರೆ ಎಚ್ಚರಿಸುವ, ಒಂದಕ್ಕೊಂದು ಸುದ್ದಿ ಮುಟ್ಟಿಸುವ ವಾಹನಗಳನ್ನು ನಾವು ಸ್ವಾಗತಿಸುತ್ತೇವೆ. ಅವು ಜೀವ ಉಳಿಸಬಲ್ಲವು.

ಆದರೆ ಪಥ ಗುರುತಿಸುವ ಕ್ಯಾಮೆರಾ ನಂಬಿರುವುದು ರಸ್ತೆಯ ಮೇಲಿನ ಬಿಳಿ ಗೆರೆಯನ್ನು. ಗೆರೆ ಅಳಿಸಿದರೆ ಅದಕ್ಕೆ ದಾರಿ ಕಾಣದು. ರಾತ್ರಿ ಕೆಟ್ಟು ನಿಂತ ಲಾರಿಯ ಹಿಂದೆ ಇಂದಿಗೂ ಇರುವುದು ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ. ಟೊಮೆಟೊ ಕ್ರೇಟು ಕಟ್ಟಿಕೊಂಡ ಮೊಪೆಡ್ಡು, ಪಾಳಿ ಮುಗಿಸಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಬಳಿ ರಸ್ತೆ ದಾಟುವ ಹೆಣ್ಣುಮಕ್ಕಳು, ಸಾನಮಾವು ಕಾಡಿನಿಂದ ಇಳಿಯುವ ಆನೆಗಳು, ಇವರಾರ ಬಳಿಯೂ ಸಂಕೇತ ಕಳಿಸುವ ಸಾಧನವಿಲ್ಲ. ಸಾಧನವಿಲ್ಲದವರ ಜೀವ ಕಾಯದ ತಂತ್ರಜ್ಞಾನ ಈ ರಸ್ತೆಗೆ ಸಾಲದು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಪಥದ ಗೆರೆ, ಪ್ರತಿಫಲಕ, ಸೂಚನಾ ಫಲಕಗಳನ್ನು ಪ್ರತಿ ಮಳೆಗಾಲದ ನಂತರ ಪರಿಶೀಲಿಸಿ ಸರಿಪಡಿಸಬೇಕು. ಸರ್ವಿಸ್ ರಸ್ತೆ ಕೂಡುವಲ್ಲೆಲ್ಲ ದೀಪ ಹಾಕಬೇಕು.

2. ಕೆಟ್ಟು ನಿಂತ ವಾಹನದ ಸುದ್ದಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಬಂದ ಕೂಡಲೇ ಹಿಂದೆ ಬರುವವರಿಗೆ ವಿದ್ಯುನ್ಮಾನ ಫಲಕದಲ್ಲೂ ನಕ್ಷೆಯ ಆ್ಯಪ್‌ಗಳಲ್ಲೂ ಕಾಣಬೇಕು. ಫಲಕದ ಎಚ್ಚರಿಕೆ ತಮಿಳು, ಇಂಗ್ಲಿಷ್ ಜೊತೆಗೆ ಕನ್ನಡ, ತೆಲುಗಿನಲ್ಲೂ ಇರಬೇಕು.

3. ಕೊಯಮತ್ತೂರಿನ ಮದುಕ್ಕರೈ ಬಳಿ 2024ರಲ್ಲಿ ಅರಣ್ಯ ಇಲಾಖೆ ಅಳವಡಿಸಿದ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಆನೆಗಳ ಸುಳಿವನ್ನು ರೈಲ್ವೆಗೆ ಮುಟ್ಟಿಸುತ್ತವೆ. ಅಂಥದೇ ವ್ಯವಸ್ಥೆ ಸಾನಮಾವಿನಲ್ಲಿ ಬರಲಿ. ಆನೆ ಕಂಡೊಡನೆ ವೇಗಮಿತಿ ಇಳಿಯಲಿ.

4. ವಾಹನಗಳು ಪದೇಪದೇ ಗಕ್ಕನೆ ಬ್ರೇಕ್ ಹಾಕುವ ಜಾಗಗಳ ಮಾಹಿತಿಯನ್ನು, ಮಾಲೀಕರ ಗುರುತು ತೆಗೆದು, ಕಂಪನಿಗಳಿಂದ ಸಮಿತಿ ಪಡೆಯಬೇಕು. ಸಾವು ಎಣಿಸಿದ ಮೇಲಲ್ಲ, ಅದಕ್ಕೆ ಮೊದಲೇ ಅಪಾಯದ ಜಾಗ ಗುರುತಾಗಬೇಕು.

5. ಬಸ್ಸು, ಟ್ಯಾಕ್ಸಿಗಳ ತುರ್ತು ಗುಂಡಿ ಒತ್ತಿದರೆ ನೆರವು ನಿಜಕ್ಕೂ ಬರುತ್ತದೆಯೇ ಎಂದು ಸ್ಥಳದಲ್ಲೇ ಪರೀಕ್ಷಿಸಬೇಕು.

6. ಸ್ವಯಂಚಾಲಿತ ವಾಹನಗಳ ಪ್ರಯೋಗಕ್ಕೆ ಮುನ್ನ ಗ್ರಾಮಗಳಿಗೆ ತಿಳಿಸಬೇಕು. ಎದುರು ದಿಕ್ಕಿನಿಂದ ಬರುವ ಬೈಕು, ದನ, ಎತ್ತಿನ ಗಾಡಿ ಎದುರಾದಾಗ ವಾಹನ ನಿಲ್ಲುತ್ತದೆಂದು ಮುಚ್ಚಿದ ಅಂಗಳದಲ್ಲಿ ಮೊದಲು ಖಾತ್ರಿಯಾಗಬೇಕು.

ಈ ಮನವಿಯನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಹೆದ್ದಾರಿ ಪ್ರಾಧಿಕಾರ, ಪೊಲೀಸ್, ಅರಣ್ಯ, ಸಾರಿಗೆ ಇಲಾಖೆಗಳೊಂದಿಗೆ ಸಂಜೆಯ ಹೊತ್ತು ಜಂಟಿ ಸ್ಥಳ ಪರಿಶೀಲನೆ ನಡೆಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು

ಸ್ಥಳ: ಹೊಸೂರು

ಪ್ರತಿ: ಯೋಜನಾ ನಿರ್ದೇಶಕರು, ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ